ಔರಾದಿನ ಫ್ರಿಜ್ಜಿನಲ್ಲಿ ಇಲ್ಲದ ಎರಡು ಚೀಲ

ಬೀದರಿನ ಒಂದು ಟ್ರಸ್ಟಿನ ರಕ್ತ ಭಂಡಾರಕ್ಕೆ ನಮ್ಮ ಕಚೇರಿ ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿತ್ತು. ಬೀದರಿನಲ್ಲಿ ಮುಖ್ಯ ಭಂಡಾರ, ಭಾಲ್ಕಿಯಲ್ಲೂ ಔರಾದಿನಲ್ಲೂ ಒಂದೊಂದು ಚಿಕ್ಕ ಸಂಗ್ರಹ ಘಟಕ. ಯಾವ ಊರಿನ ಫ್ರಿಜ್ಜಿನಲ್ಲಿ ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬುದು ಬೀದರಿನ ಡಾಕ್ಟರಿಗೆ ಕುಳಿತಲ್ಲೇ ಕಾಣಬೇಕು. ಕೆಲಸ ಇಷ್ಟೇ. ಮೂರೂ ಊರಿಗೆ ಹೋಗಿ ಅದನ್ನು ಕೂಡಿಸಿ ಬರುವುದು ನನ್ನ ಪಾಲಿಗೆ ಬಂದಿತ್ತು.

ಇಂಟರ್‌ನೆಟ್ ಲೈನನ್ನು ನಂಬಿ ಕೂರುವಂತಿರಲಿಲ್ಲ. ಅದಕ್ಕೆ ಪ್ರತಿ ಊರಿನಲ್ಲೂ ಒಂದು ಕಂಪ್ಯೂಟರ್, ಅದರಲ್ಲೇ ಸರ್ವರ್, ಅದರಲ್ಲೇ ಡೇಟಾಬೇಸ್. ಗಂಟೆಗೊಮ್ಮೆ ಎರಡೂ ಘಟಕಗಳ ದಾಸ್ತಾನು ಬೀದರಿನ ಪರದೆಗೆ ಬಂದು ಸೇರುತ್ತಿತ್ತು.

ಇಂಥ ಕಡೆ ಡೇಟಾಬೇಸಿನ ವಿಳಾಸ, ಪಾಸ್‌ವರ್ಡನ್ನು ನಾವು ಪ್ರೋಗ್ರಾಮಿನೊಳಗೆ ಬರೆಯುವುದಿಲ್ಲ. ಪ್ರೋಗ್ರಾಂ ಒಂದು ಹೆಸರನ್ನು ಮಾತ್ರ ಕೇಳುತ್ತದೆ. ನಾನು ಇಟ್ಟ ಹೆಸರು 'ಜೆಡಿಬಿಸಿ/ರಕ್ತ'. ಸರ್ವರಿನ ಬಳಿ ಹೆಸರುಗಳ ಪಟ್ಟಿ ಇರುತ್ತದೆ. ಆ ಹೆಸರಿಗೆ ಯಾವ ಡೇಟಾಬೇಸನ್ನು ಕಟ್ಟಿಟ್ಟಿದೆಯೋ ಅದರ ಸಂಪರ್ಕವನ್ನು ಎತ್ತಿ ಕೊಡುತ್ತದೆ. ಯಾವ ಹೆಸರಿಗೆ ಯಾವುದನ್ನು ಕಟ್ಟಬೇಕು ಎಂಬುದನ್ನು 'ಕಾಂಟೆಕ್ಸ್ಟ್' ಎಂಬ ಹತ್ತು ಸಾಲಿನ ಫೈಲಿನಲ್ಲಿ ಬರೆದು, ಅದನ್ನು ಅಪ್ಲಿಕೇಶನ್ನಿನ ಎಲ್ಲ ಫೈಲುಗಳನ್ನೂ ಒಟ್ಟಿಗೆ ಕಟ್ಟಿದ ಪೊಟ್ಟಣದೊಳಗೆ ಇಟ್ಟಿದ್ದೆ. ಡೇಟಾಬೇಸ್ ಬದಲಾದರೂ ಪ್ರೋಗ್ರಾಮಿನ ಒಂದು ಅಕ್ಷರ ಮುಟ್ಟಬೇಕಾಗಿಲ್ಲ ಎಂದು ಕಚೇರಿಯ ಸಭೆಯಲ್ಲಿ ನಾನೇ ಹೆಮ್ಮೆಯಿಂದ ಹೇಳಿದ್ದೆ.

ಬೀದರಿನಲ್ಲಿ ಮೊದಲ ದಿನ ಅರ್ಧ ದಿನ ಹಾಳಾಯಿತು. ಅಂಥ ಹೆಸರು ಯಾವುದಕ್ಕೂ ಕಟ್ಟಿಲ್ಲ ಎಂದು ಸರ್ವರ್ ಮತ್ತೆ ಮತ್ತೆ ಹೇಳಿತು. ಹೊಸ ಪೊಟ್ಟಣ ಕಟ್ಟುವಾಗ ಹೆಸರಿನ ಮುಂದೆ ಸೇರಿಸಬೇಕಾದ ತುಣುಕೊಂದನ್ನು ನಾನು ಬಿಟ್ಟಿದ್ದೆ. ಸೇರಿಸಿದೆ, ನಡೆಯಿತು. ಮರುದಿನ ಭಾಲ್ಕಿಯಲ್ಲಿ ಹೆಸರು ಸಿಕ್ಕಿತು, ಸಂಪರ್ಕ ಸಿಗಲಿಲ್ಲ. ಡೇಟಾಬೇಸಿನ ಜೊತೆ ಮಾತಾಡಿಸುವ ಡ್ರೈವರ್ ಫೈಲನ್ನು ನಾನು ಅಪ್ಲಿಕೇಶನ್ನಿನ ಒಳಗೆ ಇಟ್ಟಿದ್ದೆ. ಆದರೆ ಸಂಪರ್ಕ ಮಾಡುವುದು ಸರ್ವರ್. ಡ್ರೈವರ್ ಅದರ ಲಿಬ್ ಫೋಲ್ಡರಿನಲ್ಲಿ ಇರಬೇಕಿತ್ತು. ಅದೂ ಮಧ್ಯಾಹ್ನದ ಊಟದೊಳಗೆ ಸರಿಹೋಯಿತು.

ಮೂರನೆಯ ದಿನ ಔರಾದ. ಅಲ್ಲಿಯ ಕಂಪ್ಯೂಟರ್ ಹಳೆಯದು, ಸರ್ವರಿನ ಆವೃತ್ತಿಯೂ ಹಳೆಯದು. ಒಂದು ತಿಂಗಳ ಹಿಂದೆ ಎರಡೂ ಘಟಕದವರಿಗೆ ತರಬೇತಿ ಕೊಟ್ಟಿದ್ದು ಅದೇ ಕಂಪ್ಯೂಟರಿನಲ್ಲಿ. ಆಗ 'ಅಭ್ಯಾಸ' ಎಂಬ ಬೇರೆ ಡೇಟಾಬೇಸ್ ಮಾಡಿ, ಸುಳ್ಳು ಚೀಲಗಳನ್ನು ತುಂಬಿ, ಎಲ್ಲರಿಗೂ ಕೊಡುವುದು, ತೆಗೆದುಕೊಳ್ಳುವುದು ಕಲಿಸಿದ್ದೆ. ಈಗ ಸರ್ವರ್ ನಿಲ್ಲಿಸಿ, ಹಳೆಯ ಪೊಟ್ಟಣ ತೆಗೆದು, ನಿಜವಾದ ಡೇಟಾಬೇಸಿನ ವಿಳಾಸವಿರುವ ಹೊಸದನ್ನು ಇಟ್ಟು, ಮತ್ತೆ ಶುರು ಮಾಡಿದೆ. ಒಂದೇ ಏಟಿಗೆ ನಡೆಯಿತು. ತಪ್ಪು ತೋರಿಸುವ ಒಂದು ಕೆಂಪು ಸಾಲೂ ಬರಲಿಲ್ಲ. ಮುಂಚಿನ ಬಸ್ಸೇ ಸಿಕ್ಕಿತೆಂದು ಖುಷಿಯಿಂದ ಜನವಾಡಕ್ಕೆ, ನಮ್ಮ ಮನೆಗೆ ಬಂದೆ.

ಮುಂದಿನ ಸೋಮವಾರದಿಂದ ಮೂರೂ ಕಡೆ ಕಾಗದದ ರಿಜಿಸ್ಟರ್ ಬಂದ್ ಮಾಡಬೇಕೆಂದು ಟ್ರಸ್ಟ್ ಆದೇಶ ಹೊರಡಿಸಿತು.

ಮಂಗಳವಾರ ಔರಾದಿನ ಲ್ಯಾಬ್ ಟೆಕ್ನಿಶಿಯನ್ ಫೋನ್ ಮಾಡಿದರು. ಐವತ್ತು ದಾಟಿದ ಹೆಂಗಸು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ನಾನು ಅವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ.

"ಮೇಡಂ, ಕಂಪ್ಯೂಟರ್‌ನ್ಯಾಗ ಜಾಸ್ತಿ ತೋರಸ್ಲತದ. ಫ್ರಿಜ್‌ನ್ಯಾಗ ಇಪ್ಪತ್ತೆರಡು ಚೀಲ ಅವ. ಅದು ಇಪ್ಪತ್ತೇಳು ಅಂತದ."

"ಯಾವುದೋ ಎರಡು ಸಲ ಟೈಪ್ ಹೊಡದಿರಬೇಕು ನೋಡ್ರಿ ಅಕ್ಕಾರ."

"ನಾ ಎರಡು ಸಲ ಹೊಡದಿಲ್ರಿ."

"ಹೊಸದು ಅದಲ್ರಿ, ಕೈ ತಪ್ಪಿರತದ. ಇನ್ನೊಮ್ಮಿ ನೋಡ್ರಿ, ಆಮ್ಯಾಲ ಹೇಳ್ರಿ."

ಅವರು ಮತ್ತೆ ಫೋನ್ ಮಾಡಲಿಲ್ಲ. ಸರಿಹೋಗಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅಂದುಕೊಳ್ಳುವುದು ಸುಲಭವಾಗಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕಚೇರಿಯ ಮುಖ್ಯಸ್ಥರು ನನ್ನನ್ನು ಕರೆದರು. ಔರಾದಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಹೆಣ್ಣುಮಗಳೊಬ್ಬಳಿಗೆ ಬಿ ನೆಗೆಟಿವ್ ರಕ್ತ ಬೇಕಾಗಿತ್ತು. ಅಲ್ಲಿಂದ ಬೀದರಿಗೆ ಫೋನ್ ಹೋಯಿತು. ಬೀದರಿನ ಪರದೆ, ಔರಾದಿನಲ್ಲೇ ಎರಡು ಬಿ ನೆಗೆಟಿವ್ ಚೀಲ ಇವೆ ಎಂದು ತೋರಿಸುತ್ತಿತ್ತು. ಟೆಕ್ನಿಶಿಯನ್ ಇಲ್ಲ ಎನ್ನುತ್ತಿದ್ದರು.

"ಎರಡು ಚೀಲ ಎಲ್ಲಿ ಹೋದವು ಅಂತ ಡಾಕ್ಟರ್ ಸಿಟ್ಟಿಗೆದ್ದಾರ," ಎಂದರು ಮುಖ್ಯಸ್ಥರು. "ಆಕಿ ನಿನ್ನ ಸಾಫ್ಟ್‌ವೇರ್ ಮ್ಯಾಲ ಹಾಕ್ಲತಾಳ. ನೀ ಹೋಗು. ಎಲ್ಲಾ ಸರಿ ಅದ ಅಂತ ತೋರಿಸಿ ಬಾ."

ಬಸ್ಸು ಜನವಾಡದಲ್ಲಿ ನಿಂತಾಗ ಕಿಟಕಿಯಿಂದ ನಮ್ಮ ಓಣಿಯ ತಿರುವು ಕಂಡಿತು. ಇಳಿದುಬಿಡುವ ಮನಸ್ಸಾಯಿತು. ಐದು ಚೀಲದ ವ್ಯತ್ಯಾಸ ತಲೆಯಲ್ಲಿ ಕುಳಿತಿತ್ತು. ಎರಡು ಸಲ ಹೊಡೆದಿದ್ದರೆ ಒಂದೋ ಎರಡೋ ಹೆಚ್ಚಾಗಬೇಕು, ಐದು ಹೇಗೆ? ಮಂಗಳವಾರವೇ ಈ ಪ್ರಶ್ನೆ ಕೇಳಿಕೊಳ್ಳಬೇಕಿತ್ತು.

ಔರಾದ ತಲುಪಿದಾಗ ಹನ್ನೆರಡು ದಾಟಿತ್ತು. ಘಟಕವೆಂದರೆ ಒಂದು ಕೋಣೆ. ಎರಡು ಫ್ರಿಜ್ಜು, ಒಂದು ಮೇಜು, ಒಂದು ಕುರ್ಚಿ. ತಂಪು ಹೋಗುತ್ತದೆಂದು ಬಾಗಿಲು ಸದಾ ಮುಚ್ಚಿರಬೇಕು. ಒಂದೇ ಕಿಟಕಿ, ಅದರ ಮೂಲೆಯಲ್ಲಿ ಮಾತ್ರ ಫೋನಿಗೆ ಸಿಗ್ನಲ್. ಬಾಗಿಲಾಚೆಯ ಕಾರಿಡಾರಿನ ಕೊನೆಯಲ್ಲಿ ಹೆರಿಗೆ ವಾರ್ಡು.

ಅಕ್ಕಾರ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. "ಕೂಡ್ರಿ. ಇಪ್ಪತ್ತಾರು ವರ್ಷ ಆತು ನನಗ ಈ ಕೆಲಸಕ್ಕ. ಒಂದು ಚೀಲ ಹೆಚ್ಚುಕಮ್ಮಿ ಆಗಿಲ್ಲ. ಇವತ್ತ ಎಲ್ಲಿ ಮಾರೀದಿ ಅನ್ನೋಹಂಗ ಕೇಳ್ಲತಾರ. ನೋಟಿಸ್ ಬಂದದ, ಸಂಜಿ ಒಳಗ ಜವಾಬು ಬರದು ಕೊಡಬೇಕಂತ."

ನಾನು ಫ್ರಿಜ್ಜು ತೆಗೆಸಿದೆ. ಇಬ್ಬರೂ ಸೇರಿ ಎಣಿಸಿದೆವು. ಬಿ ನೆಗೆಟಿವ್ ಒಂದೂ ಇರಲಿಲ್ಲ. ಪರದೆಯಲ್ಲಿ ಎರಡು ಇದ್ದವು. ಆ ಸಾಲನ್ನು ಒತ್ತಿ ಮೊದಲ ಚೀಲದ ವಿವರ ತೆಗೆದೆ. ರಕ್ತ ಕೊಟ್ಟವರ ಹೆಸರು: ಗುಂಡಮ್ಮ. ವಯಸ್ಸು ಮೂವತ್ತು. ಊರು ಜನವಾಡ.

ಗುಂಡಮ್ಮ ನನ್ನ ಅಜ್ಜಿ. ತೀರಿಕೊಂಡು ಹನ್ನೊಂದು ವರ್ಷವಾಗಿದೆ. ತರಬೇತಿಯ ದಿನ ಸುಳ್ಳು ಚೀಲಗಳಿಗೆ ಹೆಸರು ಬೇಕಾದಾಗ ಬಾಯಿಗೆ ಬಂದ ಮನೆಯವರ ಹೆಸರುಗಳನ್ನೆಲ್ಲ ಹೊಡೆದಿದ್ದೆ. ಹನ್ನೆರಡು ಚೀಲ ತುಂಬಿ, ಏಳನ್ನು ಕೊಟ್ಟಂತೆ ತೋರಿಸಿ, ಐದನ್ನು ಹಾಗೇ ಬಿಟ್ಟಿದ್ದೆ. ಅವೇ ಆ ಐದು. ಅಂದರೆ ಸೋಮವಾರದಿಂದ ಅಕ್ಕಾರ ನಿಷ್ಠೆಯಿಂದ ದಾಖಲಿಸಿದ್ದೆಲ್ಲ ಹೋಗಿ ಸೇರಿದ್ದು ಅಭ್ಯಾಸದ ಡೇಟಾಬೇಸಿಗೆ.

ಅಕ್ಕಾರರ ಮುಖ ನೋಡದೆ, "ಸ್ವಲ್ಪ ತಡೀರಿ, ನೋಡ್ತೇನಿ," ಎಂದೆ.

ಪೊಟ್ಟಣ ಬಿಚ್ಚಿದೆ. ಒಳಗಿನ ಕಾಂಟೆಕ್ಸ್ಟ್ ಫೈಲಿನಲ್ಲಿ ನಿಜವಾದ ಡೇಟಾಬೇಸಿನ ವಿಳಾಸವೇ ಇತ್ತು. ಅಕ್ಷರ ಅಕ್ಷರ ಓದಿದೆ. ಸರ್ವರ್ ನಿಲ್ಲಿಸಿ, ಪೊಟ್ಟಣವನ್ನೂ ಅದು ಬಿಚ್ಚಿಟ್ಟ ಫೋಲ್ಡರನ್ನೂ ಅಳಿಸಿ, ಹೊಸದಾಗಿ ಇಟ್ಟು ಶುರು ಮಾಡಿದೆ. ಗುಂಡಮ್ಮ ಬಂದಳು. ಬ್ರೌಸರಿನ ಹಳೆಯ ನೆನಪನ್ನೆಲ್ಲ ಒರೆಸಿದೆ. ಗುಂಡಮ್ಮ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಮತ್ತೆ ಅದೇ. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಓದಿದರೆ ಎಲ್ಲ ಸುಸೂತ್ರವೆನ್ನುತ್ತಿತ್ತು. ಹೆಸರು ಕೇಳಿದೆ, ಸಿಕ್ಕಿದೆ, ಸಂಪರ್ಕವಾಗಿದೆ. ಬೀದರಿನಲ್ಲೂ ಭಾಲ್ಕಿಯಲ್ಲೂ ತಪ್ಪಾದಾಗ ಅದು ಬಾಯಿಬಿಟ್ಟು ಕೂಗಿತ್ತು. ಇಲ್ಲಿ ಕೂಗಲು ಅದಕ್ಕೆ ಕಾರಣವೇ ಇರಲಿಲ್ಲ. ಕೇಳಿದ ಹೆಸರಿಗೆ ಒಂದು ಡೇಟಾಬೇಸನ್ನು ಅದು ಕೊಟ್ಟಿತ್ತು. ಅಭ್ಯಾಸಕ್ಕೂ ನಿಜಕ್ಕೂ ನಾನು ಒಂದೇ ಹೆಸರು ಇಟ್ಟಿದ್ದೆ.

ಕಿಟಕಿಯ ಮೂಲೆಗೆ ಹೋಗಿ ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿದೆ.

"ಕಾರಣ ಸಿಕ್ತೇನು?" ಎಂದರು.

"ಇನ್ನೂ ಇಲ್ರಿ ಸರ್. ಆದ್ರ ಆ ಚೀಲ ಸುಳ್ಳು ಅವ, ಅದು ಗ್ಯಾರಂಟಿ."

"ಕಾರಣ ಇಲ್ದ ಹ್ಯಾಂಗ ಹೇಳೋದು? ನಾಳಿ ಇದನ್ನ ಬಿಟ್ಟು ಬ್ಯಾರೆ ಊರಿಂದೂ ಕೇಳ್ತಾರ. ನೀ ಮೊದಲ ಹುಡುಕಿ ಸರಿ ಮಾಡು. ಆಮ್ಯಾಲ ನಾ ಡಾಕ್ಟರ್ ಜೋಡಿ ಮಾತಾಡ್ತೇನಿ. ಅಲ್ಲಿತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

ಮತ್ತೆ ಬಂದು ಕುರ್ಚಿಯಲ್ಲಿ ಕುಳಿತೆ. ಮುಖ್ಯಸ್ಥರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾರಣ ಗೊತ್ತಿಲ್ಲದೆ ತಪ್ಪೊಪ್ಪಿಕೊಂಡರೆ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ನಾನು ಹುಡುಕುತ್ತ ಕುಳಿತಷ್ಟು ಹೊತ್ತು ಬೀದರಿನಿಂದ ರಕ್ತ ಹೊರಡುವುದಿಲ್ಲ. ಬೆನ್ನ ಹಿಂದೆ ಅಕ್ಕಾರ ನಿಂತೇ ಇದ್ದರು. ನಾನು ಒತ್ತಿದ ಒಂದೊಂದು ಕೀಲಿಯನ್ನೂ ನೋಡುತ್ತಿದ್ದರು. ಫ್ರಿಜ್ಜಿನ ಮೋಟಾರು ಶುರುವಾಗುವುದು, ನಿಲ್ಲುವುದು, ಮತ್ತೆ ಶುರುವಾಗುವುದು. ಪರದೆಯ ಮೂಲೆಯ ಗಡಿಯಾರ ಒಂದೂವರೆ ತೋರಿಸಿತು. ಪೊಟ್ಟಣವನ್ನು ಮೂರನೆಯ ಸಲ ಬಿಚ್ಚಿ ಅದೇ ಹತ್ತು ಸಾಲು ಓದತೊಡಗಿದೆ. ಅದರಲ್ಲಿ ತಪ್ಪಿಲ್ಲವೆಂದು ಗೊತ್ತಿತ್ತು. ಬೇರೆಲ್ಲಿ ನೋಡಬೇಕೆಂದು ಗೊತ್ತಿರಲಿಲ್ಲ, ಅದಕ್ಕೆ ಅಲ್ಲೇ ನೋಡುತ್ತಿದ್ದೆ.

ಬಾಗಿಲು ತೆರೆದುಕೊಂಡಿತು. ನನ್ನ ವಯಸ್ಸಿನ ಹೆಂಗಸೊಬ್ಬಳು ತಲೆ ಒಳಗೆ ಹಾಕಿದಳು. ಹೆರಿಗೆಗೆ ಬಂದವಳ ಅಕ್ಕ. ಗಡಿಯ ಕಡೆಯ ಹಳ್ಳಿಯಿಂದ ಬೆಳಗಿನ ಜಾವವೇ ತಂಗಿಯನ್ನು ಕರೆದುಕೊಂಡು ಬಂದಿದ್ದಳಂತೆ. ಮಾಸು ಗರ್ಭದ ಬಾಯಿಗೆ ಅಡ್ಡ ಬಂದಿದೆ, ಆಪರೇಶನ್ ಮಾಡಲೇಬೇಕು, ರಕ್ತ ಕೈಯಲ್ಲಿಲ್ಲದೆ ಕತ್ತರಿ ಹಚ್ಚುವುದಿಲ್ಲ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರಂತೆ.

"ಅಕ್ಕಾ, ರಕ್ತ ಅದ ಅಂತಾರ, ಇಲ್ಲ ಅಂತಾರ," ಎಂದಳು ಅವಳು, ಟೆಕ್ನಿಶಿಯನ್ನರ ಕಡೆ ತಿರುಗಿ. "ಮಹಾರಾಷ್ಟ್ರದ ಕಡಿ ಒಯ್ಯಲೇನು? ಗಾಡಿ ಮಾಡಲೇನು? ಯಾವುದು ಖರೆ ಅಂತ ಹೇಳ್ರಿ, ನಾ ಏನರ ಮಾಡ್ತೇನಿ."

ಅಕ್ಕಾರ ನನ್ನ ಕಡೆ ನೋಡಿದರು.

"ಇಲ್ರಿ," ಎಂದೆ. "ಇಲ್ಲಿ ರಕ್ತ ಇಲ್ಲ. ಇದು ತಪ್ಪು ತೋರಸ್ಲತದ. ಹತ್ತು ನಿಮಿಷ ಕೊಡ್ರಿ, ನಾ ಬೀದರಿಗೆ ಮಾತಾಡ್ತೇನಿ. ತಂಗಿನ್ನ ಈಗ ಎಲ್ಲೂ ಒಯ್ಯಬ್ಯಾಡ್ರಿ."

ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಕಿಟಕಿಗೆ ಹೋಗಿ ಬೀದರಿನ ಡಾಕ್ಟರಿಗೆ ನೇರವಾಗಿ ಫೋನ್ ಹಚ್ಚಿದೆ. ಉದ್ಘಾಟನೆಯ ದಿನ ಒಮ್ಮೆ ನೋಡಿದ್ದೆ ಅವರನ್ನು, ಅಷ್ಟೇ.

"ಸರ್, ಔರಾದದಿಂದ ಮಾತಾಡ್ಲತೇನಿ. ಈ ಸಾಫ್ಟ್‌ವೇರ್ ಕೂಡಿಸಿದಾಕಿ."

"ಚೀಲ ಸಿಕ್ಕವೇನ್ರಿ?"

"ಆ ಚೀಲ ಯಾವತ್ತೂ ಇದ್ದಿಲ್ರಿ ಸರ್. ತರಬೇತಿ ದಿನ ನಾನ ಟೈಪ್ ಮಾಡಿದ ಸುಳ್ಳು ಚೀಲ ಅವು. ಕೊಟ್ಟಾಕಿ ಹೆಸರು ನಮ್ಮ ಅಜ್ಜಿದು ಅದ. ಇಲ್ಲಿ ಅಕ್ಕಾರದು ಏನೂ ತಪ್ಪಿಲ್ಲ."

"ಹ್ಯಾಂಗ ಆತು ಇದು?"

"ಗೊತ್ತಿಲ್ರಿ ಸರ್. ಇನ್ನೂ ಹುಡುಕ್ಲತೇನಿ."

"ಮತ್ತ ಭಾಲ್ಕಿದು? ನಮ್ಮ ಬೀದರಿಂದು? ಅವು ಖರೇನೋ ಸುಳ್ಳೋ?"

ನಾನು ಹೆದರಿದ್ದು ಈ ಪ್ರಶ್ನೆಗೇ. ಅವು ಸರಿ ಇವೆ ಎಂದು ನನಗೆ ಅನಿಸುತ್ತಿತ್ತು. ಆದರೆ ಮಂಗಳವಾರ ಔರಾದಿನ ಬಗ್ಗೆಯೂ ಹಾಗೇ ಅನಿಸಿತ್ತು.

"ಸರಿ ಇರಬೇಕ್ರಿ. ಆದ್ರ ಖಾತ್ರಿ ಇಲ್ಲ. ಮೂರೂ ಕಡಿ ಬಂದ್ ಮಾಡ್ರಿ ಸರ್. ಫ್ರಿಜ್ ತೆಗೆದು ಕೈಲೆ ಎಣಸಲಿ, ಕಾಗದದ ಮ್ಯಾಲ ಬರೀಲಿ. ನಾ ಹೇಳೋತನಕ ಪರದೆ ನಂಬಬ್ಯಾಡ್ರಿ."

"ಇದನ್ನ ಬರದು ಕಳಸ್ತೀರಿ? ನಿಮ್ಮ ಹೆಸರು ಹಾಕಿ?"

"ಈಗ ಕಳಸ್ತೇನಿ ಸರ್."

"ಎರಡು ಚೀಲ ಗಾಡ್ಯಾಗ ಹಾಕ್ಸ್ತೇನಿ. ಅಲ್ಲಿ ಡಾಕ್ಟರ್‌ಗ ತಯಾರಿರಲಿಕ್ಕೆ ಹೇಳ್ರಿ."

ನಿಂತಲ್ಲೇ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿದೆ. ಅದೇ ನಾಲ್ಕು ಸಾಲನ್ನು ಮುಖ್ಯಸ್ಥರಿಗೂ ಕಳಿಸಿದೆ. ಅವರ ಫೋನ್ ಎರಡು ಸಲ ಬಂತು, ಎತ್ತಲಿಲ್ಲ. ಸರ್ವರ್ ನಿಲ್ಲಿಸಿದೆ. ಪರದೆ ಖಾಲಿಯಾಯಿತು. ಅಕ್ಕಾರ ವಾರ್ಡಿಗೆ ಹೋಗಿ ಡಾಕ್ಟರಮ್ಮನಿಗೂ ಆ ಅಕ್ಕನಿಗೂ ಬೀದರಿನಿಂದ ರಕ್ತ ಬರುತ್ತದೆಂದು ಹೇಳಿ ಬಂದರು.

ಬೀದರಿನಿಂದ ಗಾಡಿ ಬರಲು ಒಂದು ತಾಸು. ಆ ಒಂದು ತಾಸು ನಾನು ಆ ಕೋಣೆಯಿಂದ ಹೊರಗೆ ಬರಲಿಲ್ಲ. ಕಾರಿಡಾರಿನಲ್ಲಿ ಆ ಅಕ್ಕ ಕುಳಿತಿದ್ದಳು; ಅವಳೆದುರು ಹಾದುಹೋಗುವ ಧೈರ್ಯವಿರಲಿಲ್ಲ. ಗಾಡಿ ದಾರಿಯಲ್ಲಿನ ಸಂತಪುರ ದಾಟಿತೆಂದು ಅಕ್ಕಾರರಿಗೆ ಫೋನ್ ಬಂದಾಗ ಮಾತ್ರ ಕೈ ಮತ್ತೆ ಕೀಲಿಮಣೆಗೆ ಹೋಯಿತು.

ಈ ಸಲ ಪೊಟ್ಟಣ ಬಿಚ್ಚಲಿಲ್ಲ. ಸರ್ವರ್ ಇರುವ ಇಡೀ ಫೋಲ್ಡರಿನಲ್ಲಿ 'ಅಭ್ಯಾಸ' ಎಂಬ ಪದ ಎಲ್ಲಿದೆ ಎಂದು ಹುಡುಕಲು ಹೇಳಿದೆ. ಒಂದೇ ಒಂದು ಫೈಲ್ ಸಿಕ್ಕಿತು. ಅದು ನನ್ನ ಅಪ್ಲಿಕೇಶನ್ನಿನ ಒಳಗಿರಲಿಲ್ಲ. ಸರ್ವರ್ ತನ್ನ ಸ್ವಂತ ಸೆಟ್ಟಿಂಗುಗಳನ್ನಿಡುವ ಫೋಲ್ಡರಿನ ತಳದಲ್ಲಿತ್ತು. ನನ್ನ ಅಪ್ಲಿಕೇಶನ್ನಿನ ಹೆಸರೇ ಅದಕ್ಕೂ. ತಾರೀಖು ತರಬೇತಿಯ ದಿನದ್ದು.

ಆ ಹಳೆಯ ಆವೃತ್ತಿಯ ಸರ್ವರ್, ಮೊದಲ ಸಲ ಪೊಟ್ಟಣ ಬಂದಾಗ ಒಳಗಿನ ಕಾಂಟೆಕ್ಸ್ಟ್ ಫೈಲಿನ ನಕಲೊಂದನ್ನು ತನ್ನ ಬಳಿ ಮಾಡಿಟ್ಟುಕೊಳ್ಳುತ್ತದೆ. ನಕಲು ಇರುವವರೆಗೆ ಅದು ನೋಡುವುದು ನಕಲನ್ನೇ. ಹೊಸ ಪೊಟ್ಟಣದಲ್ಲಿ ಏನು ಬರೆದಿದ್ದರೂ ತಿರುಗಿ ನೋಡುವುದಿಲ್ಲ. ಸರ್ವರ್ ನಡೆಯುತ್ತಿರುವಾಗಲೇ ನಾನು ಹಳೆಯ ಪೊಟ್ಟಣ ಅಳಿಸಿದ್ದರೆ ಅದು ತಾನಾಗಿ ನಕಲನ್ನೂ ತೆಗೆದುಹಾಕುತ್ತಿತ್ತು. ನಾನು ಜಾಗ್ರತೆ ಮಾಡಿ ಪ್ರತಿ ಸಲವೂ ಮೊದಲು ಸರ್ವರ್ ನಿಲ್ಲಿಸಿದ್ದೆ. ಬೀದರ, ಭಾಲ್ಕಿಯಲ್ಲಿ ತರಬೇತಿ ನಡೆದಿರಲಿಲ್ಲ, ಆದ್ದರಿಂದ ಅಲ್ಲಿ ಹಳೆಯ ನಕಲಿನ ಪ್ರಶ್ನೆಯೇ ಇರಲಿಲ್ಲ. ಇದೆಲ್ಲ ಕೈಪಿಡಿಯ ಒಂದು ಸಾಲಿನಲ್ಲಿ ಬರೆದಿದೆ. ನಾನು ಓದಿರಲಿಲ್ಲ.

ನಕಲನ್ನು ಅಳಿಸಿ, ಬೀದರಿನ ಲೈನ್ ಕಿತ್ತು, ಸರ್ವರ್ ಹಚ್ಚಿ ನೋಡಿದೆ. ಪರದೆಯಲ್ಲಿ ಗುಂಡಮ್ಮ ಇರಲಿಲ್ಲ. ಅಲ್ಲಿ ಒಂದು ಚೀಲವೂ ಇರಲಿಲ್ಲ. ನಿಜವಾದ ಡೇಟಾಬೇಸ್ ಸೋಮವಾರದಿಂದ ಖಾಲಿ ಕುಳಿತಿತ್ತು.

ಅಷ್ಟರಲ್ಲಿ ಗಾಡಿ ಬಂತು. ಅಕ್ಕಾರ ಐಸ್ ಡಬ್ಬಿ ತೆಗೆದುಕೊಂಡು, ಚೀಲದ ತುದಿಯ ನಳಿಕೆಯಿಂದ ಹನಿ ತೆಗೆದು ಹೊಂದಾಣಿಕೆ ಪರೀಕ್ಷೆಗೆ ಕುಳಿತರು. ಅವರ ಕೈ ಒಂದಿಷ್ಟೂ ಅವಸರ ಮಾಡಲಿಲ್ಲ. ಮೂರೂವರೆಗೆ ಆಪರೇಶನ್ ಶುರುವಾಯಿತು. ಎರಡೂ ಚೀಲ ಖರ್ಚಾದವು; ಮೂರನೆಯದು ಬೇಕಾಗುತ್ತದೇನೋ ಎಂದು ಒಂದು ಸಲ ನರ್ಸು ಓಡಿ ಬಂದಳು, ಬೇಕಾಗಲಿಲ್ಲ. ಹೆಣ್ಣು ಮಗು. ತಾಯಿಗೆ ಎಚ್ಚರ ಬಂದ ಸುದ್ದಿ ಹೇಳಲು ಆ ಅಕ್ಕ ಮತ್ತೆ ಬಾಗಿಲಲ್ಲಿ ತಲೆ ಹಾಕಿದಳು. "ಬರ್ತೇನ್ರಿ," ಎಂದು ಹೋದಳು.

ಉಳಿದದ್ದು ಮೂರೂವರೆ ದಿನದ ದಾಖಲೆ. ಅಭ್ಯಾಸದ ಡೇಟಾಬೇಸಿನಲ್ಲಿ ಸುಳ್ಳೂ ನಿಜವೂ ಕೂಡಿಹೋಗಿದ್ದವು. ಯಾವುದನ್ನು ಆರಿಸಿ ತರುವುದು ಎಂದು ನಾನು ತಲೆ ಹಿಡಿದು ಕುಳಿತಾಗ ಅಕ್ಕಾರ ಮೇಜಿನ ಖಾನೆಯಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದಿಟ್ಟರು. ಹಿಂಬದಿಯಲ್ಲಿ ಸೋಮವಾರ ಫ್ರಿಜ್ಜಿನಲ್ಲಿದ್ದ, ಆಮೇಲೆ ಬಂದ, ಹೋದ ಪ್ರತಿ ಚೀಲದ ಸಂಖ್ಯೆ, ಗುಂಪು, ಹೊತ್ತು.

"ರಿಜಿಸ್ಟರ್ ಬರಿಬ್ಯಾಡ ಅಂದಿದ್ರು. ಕ್ಯಾಲೆಂಡರ್ ಬರಿಬ್ಯಾಡ ಅಂದಿದ್ದಿಲ್ಲ," ಎಂದರು.

"ಇದನ್ನ ಮುಂಜಾನೆ ಯಾಕ ತೋರಿಸಲಿಲ್ರಿ ಡಾಕ್ಟರ್‌ಗ?"

"ತೋರಿಸಿದ್ರ ಏನಂತಿದ್ರು? ಕಂಪ್ಯೂಟರ್ ಹಿಂಗ ಅಂತದ, ಆಕಿ ಮನ್ಯಾಗ ಕೂತು ಬರದಾಳ ಅಂತಿದ್ರು. ಮಂಗಳವಾರ ನಿಮಗ ಹೇಳ್ದೆ. ನೀವ ನಂಬಲಿಲ್ಲ."

ಖಾಲಿ ಪಟ್ಟಿ ತೆರೆದು ಕೀಲಿಮಣೆ ಹತ್ತಿರ ಎಳೆದುಕೊಂಡೆ. ಅವರು ಓದುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಮುಗಿದಾಗ ಬಿಸಿಲು ಇಳಿದಿತ್ತು. ಫ್ರಿಜ್ಜಿಗೂ ಪರದೆಗೂ ತಾಳೆಯಾಯಿತು.

ಮರುದಿನ ಕಚೇರಿಯಲ್ಲಿ ಮುಖ್ಯಸ್ಥರು ನನ್ನೊಂದಿಗೆ ಮಾತಾಡಲಿಲ್ಲ. ಟ್ರಸ್ಟಿನ ಸಭೆಯಲ್ಲಿ ನನ್ನ ನಾಲ್ಕು ಸಾಲನ್ನು ಓದಿಸಿದರು, ನಾನು ನಿಂತು ಕೇಳಿದೆ. ಮುಂದಿನ ತಾಲೂಕುಗಳ ಕೆಲಸ ಬೇರೊಬ್ಬರ ಕೈಗೆ ಹೋಯಿತು. ಔರಾದಿನ ಟೆಕ್ನಿಶಿಯನ್ನರಿಗೆ ವಿವರಣೆ ಕೇಳಿ ಕೊಟ್ಟಿದ್ದ ನೋಟಿಸನ್ನು ಹಿಂದೆ ತೆಗೆದುಕೊಂಡರು. ಬಂದ್ ಮಾಡಿದ್ದನ್ನು ಮತ್ತೆ ಶುರು ಮಾಡುವ ಮೊದಲು ಸರಿಪಡಿಸಿಕೊಡುವ ಜವಾಬ್ದಾರಿ ನನ್ನ ಮೇಲೇ ಇರಲಿ ಎಂದವರು ಬೀದರಿನ ಡಾಕ್ಟರು.

ಎರಡು ವಾರ ಅದರಲ್ಲೇ ಹೋಯಿತು. ಹೆಸರಿಗೆ ಡೇಟಾಬೇಸ್ ಕಟ್ಟುವ ಸಾಲುಗಳನ್ನು ಪೊಟ್ಟಣದಿಂದ ತೆಗೆದು ಪ್ರತಿ ಊರಿನ ಸರ್ವರಿನ ಸೆಟ್ಟಿಂಗಿನಲ್ಲೇ ಬರೆದೆ, ಎರಡು ಕಡೆ ಇರದಂತೆ. ಅಭ್ಯಾಸದ ಡೇಟಾಬೇಸಿಗೆ ಬೇರೆ ಹೆಸರು ಕೊಟ್ಟೆ. ಪ್ರತಿ ಡೇಟಾಬೇಸಿನೊಳಗೆ ಅದು ಯಾವ ಊರಿನದು, ನಿಜವೋ ಅಭ್ಯಾಸವೋ ಎಂದು ಒಂದು ಸಾಲು ಇಟ್ಟೆ. ಹೆಸರು ಸಿಕ್ಕರೆ ಸಾಲದು. ಅಪ್ಲಿಕೇಶನ್ ಶುರುವಾಗುವಾಗ ಮೊದಲು ಆ ಸಾಲನ್ನು ಓದಬೇಕು, ತನ್ನ ಊರಿನದಲ್ಲದಿದ್ದರೆ ಶುರುವಾಗಲೇಬಾರದು.

ಕೊನೆಗೆ ಔರಾದಿಗೆ ಹೋದೆ. ಕೂಡಿಸಿ ಮುಗಿಸಿ, ಸಹಿ ಮಾಡಬೇಕಾದ ಹಾಳೆಯನ್ನು ಅಕ್ಕಾರರ ಮುಂದಿಟ್ಟೆ. ಅವರು ಪೆನ್ನು ಮುಟ್ಟಲಿಲ್ಲ.

"ಮೊದಲ ಕೆಡಿಸಿ ತೋರಸು, ತಂಗಿ."

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಸೆಟ್ಟಿಂಗಿನಲ್ಲಿ ಬೇಕೆಂದೇ ಅಭ್ಯಾಸದ ಡೇಟಾಬೇಸನ್ನು ಕಟ್ಟಿ ಸರ್ವರ್ ಹಚ್ಚಿದೆ. ಪಟ್ಟಿ ಬರಲಿಲ್ಲ. ಬಿಳಿ ಪರದೆಯ ನಡುವೆ ಕನ್ನಡದಲ್ಲಿ ಒಂದು ಕೆಂಪು ಸಾಲು: ಇದು ಔರಾದಿನ ದಾಸ್ತಾನಲ್ಲ, ತೋರಿಸಲು ಬರುವುದಿಲ್ಲ.

ಅಕ್ಕಾರ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. "ಭಾಲ್ಕಿದು ಕಟ್ಟು ನೋಡೂಣು," ಎಂದರು. ಭಾಲ್ಕಿಯ ಡೇಟಾಬೇಸಿನ ನಕಲನ್ನು ಕಟ್ಟಿದೆ. ಅದೇ ಕೆಂಪು ಸಾಲು. "ಈಗ ಹೆಸರೇ ತಪ್ಪು ಬರಿ." ಬರೆದೆ. ಮತ್ತೆ ಕೆಂಪು.

"ಈಗ ಛಲೋ ಆತು," ಎಂದರು ಅವರು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳ್ಲತದ." ಎದ್ದು ಫ್ರಿಜ್ಜು ತೆಗೆದು, ಚೀಲಗಳನ್ನು ಒಂದೊಂದಾಗಿ ಎಣಿಸಿ ಬಂದು, ನಾನು ಸರಿ ಮಾಡಿಟ್ಟ ಪರದೆಯ ಸಂಖ್ಯೆ ನೋಡಿ, ಆಮೇಲೆ ಸಹಿ ಮಾಡಿದರು.